ಕೇಳಿಸದವನು ದಡ್ಡನೆ?

ಬೇಸಿಗೆಯ ರಜೆ ಮುಗಿದು ಜೂನ್ ತಿಂಗಳು ಬಂದಿತೆಂದರೆ ಬೀದರ, ಭಾಲ್ಕಿ, ಔರಾದಗಳ ಶಾಲೆಗಳ ಮುಂದೆ ಮಕ್ಕಳ ಕೈಹಿಡಿದು ನಿಂತ ತಂದೆತಾಯಿಗಳನ್ನು ಕಾಣುತ್ತೇವೆ. ಅವರಲ್ಲಿ ಒಬ್ಬ ತಾಯಿಯನ್ನು ವಾಚಕರು ಊಹಿಸಿಕೊಳ್ಳಬೇಕು. ಆಕೆಯ ಮಗ ಮಾತಿನಲ್ಲಿ ಹಿಂದು. ಕರೆದರೆ ಒಮ್ಮೆ ಓಗೊಡುತ್ತಾನೆ, ಇನ್ನೊಮ್ಮೆ ಸುಮ್ಮನಿರುತ್ತಾನೆ. ‘ಹುಡುಗ ಮಂದ, ಬರುವ ವರ್ಷ ಕರೆತನ್ನಿ’ ಎಂದುಬಿಟ್ಟಾರೆಂಬ ಅಂಜಿಕೆ ಆಕೆಯದು. ಮಂದವಾಗಿರುವುದು ಅವನ ಬುದ್ಧಿಯೋ, ಕಿವಿಯೋ? ಇದನ್ನು ತೀರ್ಮಾನಿಸಬೇಕಾದುದು ಅಭಿಪ್ರಾಯವಲ್ಲ, ಅಳತೆ. ಅಳತೆಯು ಭೌತಶಾಸ್ತ್ರಕ್ಕೆ ಸೇರಿದುದಾದ ಕಾರಣ ನಾವು ಈ ವಿಷಯವನ್ನು ಇಲ್ಲಿ ಎತ್ತಿಕೊಂಡಿದ್ದೇವೆ.

ಶಬ್ದದ ಮಟ್ಟವನ್ನು ಡೆಸಿಬೆಲ್ ಎಂಬ ಮಾನದಿಂದ ಹೇಳುವುದು ವಾಡಿಕೆ. ಆರೋಗ್ಯವುಳ್ಳ ಎಳೆಯ ಕಿವಿಗೆ ಕೇಳಿಸಬಲ್ಲ ಅತಿ ಕ್ಷೀಣ ಶಬ್ದದ ಮಟ್ಟ ಹೆಚ್ಚುಕಡಿಮೆ ಸೊನ್ನೆ. ತೀವ್ರತೆ ಹತ್ತು ಮಡಿಯಾದಾಗಲೆಲ್ಲ 10 ಡೆಸಿಬೆಲ್ ಏರುತ್ತದೆ. ಸಾಮಾನ್ಯ ಮಾತು ಒಂದು ಮೀಟರು ದೂರದಲ್ಲಿ ಸುಮಾರು 60 ಡೆಸಿಬೆಲ್ ಇರುತ್ತದೆ. ಬಯಲಿನಲ್ಲಿ ದೂರ ಇಮ್ಮಡಿಯಾದರೆ ತೀವ್ರತೆ ಕಾಲುಭಾಗಕ್ಕೆ ಇಳಿಯುತ್ತದೆ. ಎಂದರೆ 6 ಡೆಸಿಬೆಲ್ ತಗ್ಗುತ್ತದೆ. ಈ ಲೆಕ್ಕದಂತೆ 2 ಮೀಟರಿನಲ್ಲಿ 54, 4 ಮೀಟರಿನಲ್ಲಿ 48, 8 ಮೀಟರಿನಲ್ಲಿ 42. ಕೋಣೆಯೊಳಗೆ ಗೋಡೆಗಳು ಶಬ್ದವನ್ನು ಹಿಂದಿರುಗಿಸುವುದರಿಂದ ಇಳಿತ ಇಷ್ಟಿರದು, ನಿಜ. ಆದರೆ ಆ ಮಾರ್ದನಿಯೇ ಒಂದು ಅಕ್ಷರದ ಮೇಲೆ ಇನ್ನೊಂದನ್ನು ಹೇರಿ ಮಾತನ್ನು ಕದಡುತ್ತದೆ. ಹೀಗಿರಲು, 40 ಡೆಸಿಬೆಲ್ಲಿಗಿಂತ ಕ್ಷೀಣವಾದುದು ಕೇಳಿಸದ ಬಾಲಕನನ್ನು ಕಡೆಯ ಬೆಂಚಿನಲ್ಲಿ ಕೂರಿಸಿದರೆ, ಪಾಠವೆಲ್ಲ ಅವನಿಗೆ ದೂರದ ಗೊಣಗಾಟವಾಗುತ್ತದೆ.

‘ತಟ್ಟೆ ಬಿದ್ದರೆ ತಿರುಗಿ ನೋಡುತ್ತಾನಲ್ಲ, ಕಿವುಡನು ಹೇಗಾದಾನು?’ ಎಂದು ಮನೆಯವರು ಕೇಳುವುದುಂಟು. ಉತ್ತರ ಮಾತಿನ ರಚನೆಯಲ್ಲಿಯೇ ಇದೆ. ‘ಆ’ ಎಂಬ ಸ್ವರದ ಶಕ್ತಿ ಬಹುಮಟ್ಟಿಗೆ ಸೆಕೆಂಡಿಗೆ 1000 ಕಂಪನಗಳ ಆಸುಪಾಸಿನಲ್ಲಿರುತ್ತದೆ, ಅದು ಪ್ರಬಲ. ‘ಸ’ಕಾರದ ಶಕ್ತಿ ಬಹುಮಟ್ಟಿಗೆ 4000 ಕಂಪನಗಳಿಂದಾಚೆಗೆ ಇರುತ್ತದೆ, ಅದು ದುರ್ಬಲ. ಮೇಲಿನ ಕಂಪನಗಳನ್ನು ಮಾತ್ರ ಹಿಡಿಯಲಾರದ ಕಿವಿಗೆ ದನಿ ಕೇಳಿಸುತ್ತದೆ, ಮಾತು ತಿಳಿಯದು. ಕಾಲು, ಸಾಲು, ಹಾಲು ಮೂರೂ ಅದಕ್ಕೆ ಬರಿಯ ‘ಆಲು’. ಸಾಲು ಎಂದಾಗ ಕಾಲು ತೋರಿಸಿದ ಹುಡುಗನನ್ನು ದಡ್ಡನೆನ್ನುವುದು ಎಂತಹ ಅನ್ಯಾಯ!

ನಮ್ಮ ಜಿಲ್ಲೆಯಲ್ಲಿ ಇನ್ನೊಂದು ತೊಡಕುಂಟು. ಔರಾದದ ಕಡೆ ಮನೆಮಾತು ಮರಾಠಿಯೋ ತೆಲುಗೋ ಆಗಿರಬಹುದು. ಬೀದರಿನಲ್ಲಿ ಉರ್ದು ಆಗಿರಬಹುದು. ಅಂತಹ ಮಗು ಕನ್ನಡ ಶಾಲೆಯಲ್ಲಿ ಕೆಲವು ತಿಂಗಳು ಮೌನವಾಗಿದ್ದರೆ ಅದು ದೋಷವಲ್ಲ. ಹಾಗೆಯೇ ನಿಜವಾದ ಕಿವಿದೋಷವನ್ನು ‘ಭಾಷೆ ಬಾರದು’ ಎಂದು ಕಡೆಗಣಿಸುವುದೂ ಸರಿಯಲ್ಲ. ಆದುದರಿಂದ ಮಗುವನ್ನು ಮನೆಮಾತಿನಲ್ಲಿಯೇ ಮಾತನಾಡಿಸಿ ನೋಡಬೇಕು. ಸಂದೇಹ ಉಳಿದರೆ ಆಸ್ಪತ್ರೆಯಲ್ಲಿ ಶ್ರವಣಮಾಪಕದಿಂದ ಪರೀಕ್ಷೆ ಮಾಡಿಸಬೇಕು. ಈ ಯಂತ್ರ ಸಾಮಾನ್ಯವಾಗಿ 250ರಿಂದ 8000 ಕಂಪನಗಳವರೆಗೆ ಒಂದೊಂದೇ ಸ್ವರವನ್ನು ಕೇಳಿಸಿ, ಎಷ್ಟು ಡೆಸಿಬೆಲ್ಲಿಗೆ ಮಗು ಕೈಯೆತ್ತುವುದೆಂಬುದನ್ನು ಗುರುತಿಸುತ್ತದೆ. ಕೈಯೆತ್ತಲು ತಿಳಿಯದ ಹಸುಳೆಗೂ ಪರೀಕ್ಷೆಯುಂಟು. ಒಳಗಿವಿಯು ತಾನೇ ಅತಿ ಸೂಕ್ಷ್ಮವಾದ ಶಬ್ದವನ್ನು ಹೊರಸೂಸುತ್ತದೆಂದು ಡೇವಿಡ್ ಕೆಂಪ್ 1978ರಲ್ಲಿ ತೋರಿಸಿದರು. ಅದನ್ನು ಹಿಡಿಯುವ ಉಪಕರಣವು ಮಗುವಿನ ಉತ್ತರಕ್ಕೆ ಕಾಯುವುದಿಲ್ಲ.

ಇನ್ನು ದಾಖಲಾತಿಯ ಮಾತು. 2009ರ ಶಿಕ್ಷಣ ಹಕ್ಕು ಕಾಯಿದೆಯಂತೆ, ಪ್ರವೇಶಕ್ಕಾಗಿ ಮಗುವನ್ನಾಗಲಿ ತಂದೆತಾಯಿಗಳನ್ನಾಗಲಿ ಪರೀಕ್ಷಿಸಿ ಆರಿಸುವಂತಿಲ್ಲ. ವಯಸ್ಸಿನ ದಾಖಲೆ ಇಲ್ಲವೆಂದು ನಿರಾಕರಿಸುವಂತೆಯೂ ಇಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆ 21 ಬಗೆಯ ನ್ಯೂನತೆಗಳನ್ನು ಹೆಸರಿಸಿದೆ. ಕಿವಿ, ಕಣ್ಣುಗಳ ಜೊತೆಗೆ ಓದುಬರಹದ ಕಲಿಕೆಯ ತೊಡಕೂ ಅವುಗಳಲ್ಲಿ ಸೇರಿದೆ. ಶೇಕಡಾ 40ಕ್ಕೆ ಕಡಿಮೆಯಿಲ್ಲದ ನ್ಯೂನತೆಯುಳ್ಳ 6ರಿಂದ 18 ವರ್ಷದ ಮಗುವಿಗೆ ನೆರೆಯ ಶಾಲೆಯಲ್ಲಿ ಅಥವಾ ತಾನು ಬಯಸಿದ ವಿಶೇಷ ಶಾಲೆಯಲ್ಲಿ ಉಚಿತ ಶಿಕ್ಷಣದ ಹಕ್ಕಿದೆ. ನೆನಪಿಡಬೇಕಾದುದೇನೆಂದರೆ, ನೆರೆಯ ಶಾಲೆಗೆ ಸೇರಿಸಲು ನ್ಯೂನತೆಯ ಪ್ರಮಾಣಪತ್ರ ಬರಲೆಂದು ಕಾಯಬೇಕಾಗಿಲ್ಲ. ಮೊದಲು ಪ್ರವೇಶ, ಜೊತೆಯಲ್ಲಿಯೇ ಅಳತೆ.

ತಂದೆತಾಯಿಗಳು ಮಾಡಬೇಕಾದುದು ಇಷ್ಟು. ಮಗು ಯಾವಾಗ ಓಗೊಟ್ಟಿತು, ಯಾವಾಗ ಇಲ್ಲ ಎಂಬುದನ್ನು ಬರೆದಿಡುವುದು. ಅದನ್ನು ಮುಖ್ಯೋಪಾಧ್ಯಾಯರಿಗೆ ತೋರಿಸಿ ಮುಂದಿನ ಬೆಂಚನ್ನು ಕೇಳುವುದು. ತಾಲ್ಲೂಕಿನ ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿ ವಿಶೇಷ ಅಗತ್ಯವುಳ್ಳ ಮಕ್ಕಳ ಶಿಕ್ಷಕರನ್ನು ವಿಚಾರಿಸುವುದು. ಪ್ರವೇಶಕ್ಕೆ ಅಡ್ಡಿಯಾದರೆ ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ ಬರೆದುಕೊಟ್ಟು ಸ್ವೀಕೃತಿ ಪಡೆಯುವುದು.

ನಿಜಾಮರ ಆಳಿಕೆಯಲ್ಲಿ ಭಾಲ್ಕಿಯ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ತೂಗಿಸಿ ಒಳಗೆ ಕನ್ನಡ ಕಲಿಸಿದುದನ್ನು ಈ ನಾಡು ಮರೆತಿಲ್ಲ. ಕಲಿಯುವ ಮಗುವಿಗಾಗಿ ದಾರಿ ಹುಡುಕುವುದು ನಮಗೆ ಹೊಸತಲ್ಲ. ವಿದ್ಯಾರ್ಥಿ ಮಿತ್ರರೆ, ನಿಮ್ಮ ಕೇರಿಯಲ್ಲಿಯೂ ‘ದಡ್ಡ’ನೆನಿಸಿಕೊಂಡ ತಮ್ಮನೋ ತಂಗಿಯೋ ಇರಬಹುದು. ಅವರ ಹಿಂದೆ ನಿಂತು ಮೆಲುದನಿಯಲ್ಲಿ ಒಮ್ಮೆ ಕರೆದು ನೋಡಿರಿ. ತಿರುಗದಿದ್ದರೆ, ಇಲ್ಲಿ ಓದಿದುದನ್ನು ಅವರ ತಾಯಿಗೆ ತಿಳಿಸಿರಿ.