ಗ್ರಹಣ, ಬಾಲ್ಕನಿ ಮತ್ತು ಅಮ್ಮನ ಫೋನು

"ಅವಳನ್ನ ಹೊರಗೆ ಬಿಡಬೇಡ. ಪರದೆ ಎಳೆದುಬಿಡು. ಚಾಕು, ಕತ್ರಿ ಮುಟ್ಟೋದು ಬೇಡ ಅನ್ನು."

ಬೆಳಿಗ್ಗೆಯಿಂದ ಅಮ್ಮನ ಮೂರನೇ ಫೋನು ಇದು. 2025ರ ಸೆಪ್ಟೆಂಬರ್ 7, ಭಾನುವಾರ. ಭಾದ್ರಪದ ಹುಣ್ಣಿಮೆ, ಖಗ್ರಾಸ ಚಂದ್ರಗ್ರಹಣ. ನಾವಿರೋದು ಮ್ಯೂನಿಕ್‌ನಲ್ಲಿ, ಅಮ್ಮ ಸಾಗರದಲ್ಲಿ. ನನ್ನವಳಿಗೆ ಆಗ ಐದು ತಿಂಗಳು.

ಇಂಜಿನಿಯರ್ ಅಲ್ವಾ, ನನ್ನ ಭಾಷಣ ರೆಡಿ ಇತ್ತು. ರಾಹುವೂ ಇಲ್ಲ ಕೇತುವೂ ಇಲ್ಲ, ಚಂದ್ರನ ಮೇಲೆ ಬೀಳೋದು ಭೂಮಿಯ ನೆರಳು, ಇದನ್ನ ಆರ್ಯಭಟ ಸಾವಿರದೈನೂರು ವರ್ಷದ ಹಿಂದೆಯೇ ಬರೆದಿಟ್ಟಿದ್ದಾನೆ... ಅಮ್ಮ ಅರ್ಧಕ್ಕೇ ತಡೆದರು. "ಅದೆಲ್ಲ ನಂಗೂ ಗೊತ್ತು ಕಣೋ, ನಾನೂ ಬಿಎಸ್ಸಿ ಮಾಡಿದೋಳೇ. ಹೋದ್ಸಲ ಹಂಗಾಯ್ತಲ್ಲ, ಅದಕ್ಕೆ ಹೇಳಿದ್ದು."

ಭಾಷಣ ಅಲ್ಲಿಗೆ ನಿಂತಿತು. ಹಿಂದಿನ ವರ್ಷ ಮೂರನೇ ತಿಂಗಳಲ್ಲೇ ಕಳೆದುಕೊಂಡಿದ್ದೆವು. ಅದಕ್ಕೂ ಗ್ರಹಣಕ್ಕೂ ಏನು ಸಂಬಂಧ ಅನ್ನೋದು ನಾಲಿಗೆ ತುದಿಗೆ ಬಂದಿತ್ತು, ನುಂಗಿಕೊಂಡೆ.

ಸೋಫಾದಲ್ಲಿ ಕೂತು ಎಲ್ಲ ಕೇಳಿಸಿಕೊಂಡಿದ್ದ ಇವಳು ಅಂದಳು, "ನಾನಂತೂ ನೋಡ್ತೀನಿ. ಆದ್ರೆ ಅತ್ತೆ ಕೇಳಿದ್ರೆ ಸುಳ್ಳು ಹೇಳ್ಬೇಡ."

ಈ ಗ್ರಹಣದ ಮಜಾ ಏನಂದ್ರೆ, ನಮ್ಮಲ್ಲಿ ಚಂದ್ರ ಹುಟ್ಟುವಾಗಲೇ ಪೂರ್ತಿ ಗ್ರಹಣ ಹಿಡಿದಿತ್ತು. ಇಲ್ಲಿ ಸಂಜೆ ಏಳೂವರೆ ಅಂದ್ರೆ ಊರಲ್ಲಿ ರಾತ್ರಿ ಹನ್ನೊಂದು. ಸೂರ್ಯಗ್ರಹಣ ಒಂದೊಂದು ಊರಿಗೆ ಒಂದೊಂದು ಹೊತ್ತಿಗೆ ಆಗುತ್ತೆ. ಚಂದ್ರಗ್ರಹಣ ಹಾಗಲ್ಲ, ಕಾಣೋರಿಗೆಲ್ಲ ಅದೇ ಕ್ಷಣ, ಗಡಿಯಾರ ಮಾತ್ರ ಬೇರೆ. ಹಿಂದಿನವರು ಇದನ್ನೇ ಹಿಡಿದು ಎರಡು ಊರುಗಳ ರೇಖಾಂಶದ ವ್ಯತ್ಯಾಸ ಲೆಕ್ಕ ಹಾಕ್ತಿದ್ದರು.

ಏಳೂಮುಕ್ಕಾಲಿಗೆ ನಾಲ್ಕನೇ ಮಹಡಿಯ ನಮ್ಮ ಬಾಲ್ಕನಿಯಲ್ಲಿ ನಿಂತು ನೋಡಿದರೆ, ಚಂದ್ರನೇ ಇಲ್ಲ! ಮೋಡವೂ ಇಲ್ಲ. ಸೂರ್ಯ ಆಗಷ್ಟೇ ಮುಳುಗಿದ್ದ, ಆ ಬೆಳಕಲ್ಲಿ ನೆರಳು ಹೊದ್ದ ಚಂದ್ರ ಕಾಣಬೇಕಲ್ಲ ಪಾಪ. "ಇದಕ್ಕೇನಾ ಇಷ್ಟು ಜಗಳ?" ಅಂತ ಇವಳು ನಗತೊಡಗಿದಳು. ನಾನು ಮೊಬೈಲಲ್ಲಿ ದಿಕ್ಕು ಹುಡುಕುತ್ತಾ ನಿಂತೆ. ಎಂಟು ಗಂಟೆ ದಾಟಿದ ಮೇಲೆ ಎದುರಿನ ಕಟ್ಟಡದ ಚಿಮಣಿ ಪಕ್ಕದಲ್ಲಿ ಏನೋ ಕೆಂಪಗೆ ಕಲೆಯ ಹಾಗೆ ಕಂಡಿತು. ಮೊದಲು ಗುರುತಿಸಿದ್ದು ಅವಳೇ. ಕತ್ತಲಾದಂತೆ ದುಂಡಗೆ, ತುಂಬಿಕೊಂಡು ಬಂತು. ಭೂಮಿಯ ಅಂಚಿನ ಗಾಳಿಯಲ್ಲಿ ನೀಲಿ ಚದುರಿ, ಉಳಿದ ಕೆಂಪು ಬಾಗಿ ಹೋಗಿ ಚಂದ್ರನ ಮೇಲೆ ಬೀಳುತ್ತೆ ಅಂತಾರೆ. ಅಂದರೆ ಆ ಹೊತ್ತಿಗೆ ಭೂಮಿಯ ಮೇಲೆ ಎಲ್ಲೆಲ್ಲಿ ಸೂರ್ಯೋದಯ, ಸೂರ್ಯಾಸ್ತ ಆಗ್ತಿದೆಯೋ ಅಷ್ಟರ ಬೆಳಕೂ ಅಲ್ಲಿರುತ್ತೆ. ನಾನಿದನ್ನ ಹೇಳ್ತಾ ಇದ್ದೆ, ಅವಳು ಕೇಳ್ತಾ ಇರಲಿಲ್ಲ. ಹೊಟ್ಟೆ ಮೇಲೆ ಕೈ ಇಟ್ಟುಕೊಂಡು ಸುಮ್ಮನೆ ನೋಡ್ತಿದ್ದಳು. ಭಯ ಅವಳಿಗೂ ಇತ್ತಾ? ಕೇಳಲಿಲ್ಲ.

ಎಂಟೂವರೆಗೆ ಫೋನು ಬಂತು. ಊರಲ್ಲಿ ನಡುರಾತ್ರಿ. ನಾನು ತಡಬಡಾಯಿಸುವಷ್ಟರಲ್ಲಿ ಅವಳೇ ಕಿತ್ಕೊಂಡಳು.

"ಅತ್ತೆ, ನಾನು ಬಾಲ್ಕನಿಲೇ ಇದೀನಿ. ನೋಡ್ತಿದೀನಿ."

ಆ ಕಡೆಯಿಂದ ಮಾತಿಲ್ಲ. ಲೈನ್ ಕಟ್ಟಾಯ್ತೇನೋ ಅಂದುಕೊಂಡೆ. ಆಮೇಲೆ, "ಶಾಲಾದ್ರೂ ಹೊದ್ಕೊಂಡಿದೀಯೇನೇ?"

"ಹೂಂ ಅತ್ತೆ."

"ನಾನು ಅಂಗಳದಲ್ಲಿ ನಿಂತು ನಿಂತು ಕಾಲು ನೋವು ಬಂತು. ಇಲ್ಲಿ ಬರೀ ಮೋಡ. ಹೆಂಗಿದೆ ಹೇಳು?"

ನನಗೆ ಇಷ್ಟು ವರ್ಷ ಕಿಟಕಿಯಲ್ಲೂ ಇಣುಕೋಕೆ ಬಿಡದ ಅಮ್ಮ, ಅಂಗಳದಲ್ಲಿ!

"ಅಡಿಕೆ ಬೇಯಿಸಿದ ಚೊಗರು ಇರತ್ತಲ್ಲ ಅತ್ತೆ, ಆ ಬಣ್ಣ. ಒಂದು ಬದಿ ಸ್ವಲ್ಪ ತಿಳಿ."

"ಓಹೋ..." ಅಂದರು ಅಮ್ಮ.

ಒಂಬತ್ತು ಐವತ್ತಾರಕ್ಕೆ ಮೋಕ್ಷ. ಹತ್ತಕ್ಕೆ ಸರಿಯಾಗಿ ಮತ್ತೆ ಫೋನು. ಅಲ್ಲಿ ರಾತ್ರಿ ಒಂದೂವರೆ, ಅಮ್ಮನ ಸ್ನಾನಕ್ಕೆ ನೀರು ಕಾಯ್ತಾ ಇತ್ತು. "ನೋಡಿದ್ದಾಯ್ತಲ್ಲ, ಇಬ್ರೂ ತಲೆಗೆ ಸ್ನಾನ ಮಾಡಿ ಮಲ್ಕೊಳ್ಳಿ. ಅವಳಿಗೆ ಬಿಸಿನೀರು."

ಮಾಡಿದೆವು :)