ಅಂಕಗಳು ಏನನ್ನು ಅಳೆಯುತ್ತವೆ?

ತೂಕವನ್ನರಿಯಲು ತಕ್ಕಡಿ, ಉಷ್ಣತೆಯನ್ನರಿಯಲು ಉಷ್ಣಮಾಪಕ, ತಂತಿಯ ದಪ್ಪವನ್ನರಿಯಲು ತಿರುಪುಮಾಪಕ – ಹೀಗೆ ಒಂದೊಂದು ಪರಿಮಾಣಕ್ಕೂ ಒಂದೊಂದು ಉಪಕರಣವುಂಟು. ವಿದ್ಯಾರ್ಥಿಯ ಕಲಿಕೆಯನ್ನು ಅಳೆಯುವ ಉಪಕರಣವೇ ಪ್ರಶ್ನಪತ್ರಿಕೆ. ಪ್ರಯೋಗಶಾಲೆಯಲ್ಲಿ ತಿರುಪುಮಾಪಕವನ್ನು ಕೈಗೆತ್ತಿಕೊಂಡೊಡನೆ ಅದರ ಶೂನ್ಯದೋಷವನ್ನು ನೋಡುತ್ತೇವೆ. ತರುಣರ ಭವಿಷ್ಯವನ್ನೇ ನಿರ್ಧರಿಸುವ ಪ್ರಶ್ನಪತ್ರಿಕೆಯನ್ನು ಅಷ್ಟೇ ಎಚ್ಚರದಿಂದ ಪರಿಶೀಲಿಸುವುದು ಬೇಡವೇ?

ಯಾವುದೇ ಉಪಕರಣಕ್ಕೆ ಎರಡು ಗುಣಗಳು ಅವಶ್ಯ. ಒಂದೇ ವಸ್ತುವನ್ನು ಯಾರು ಅಳೆದರೂ, ಎಷ್ಟು ಸಲ ಅಳೆದರೂ, ಬೆಲೆ ಹೆಚ್ಚುಕಡಮೆ ಒಂದೇ ಆಗಿರಬೇಕು, ಇದು ವಿಶ್ವಸನೀಯತೆ. ಯಾವುದನ್ನು ಅಳೆಯಹೊರಟೆವೋ ಅದನ್ನೇ ಅಳೆಯಬೇಕು; ಇದು ಸಪ್ರಮಾಣತೆ.

ಮೊದಲನೆಯ ಗುಣವನ್ನು ನೋಡೋಣ. 1912ರಲ್ಲಿ ಅಮೆರಿಕದ ಡೇನಿಯಲ್ ಸ್ಟಾರ್ಚ್ ಮತ್ತು ಎಡ್ವರ್ಡ್ ಎಲಿಯಟ್ ಎಂಬ ವಿದ್ವಾಂಸರು ಪ್ರೌಢಶಾಲೆಯ ಇಂಗ್ಲಿಷ್ ಉತ್ತರಪತ್ರಿಕೆಯೊಂದರ ಪ್ರತಿಗಳನ್ನು ಹಲವಾರು ಶಾಲೆಗಳಿಗೆ ಕಳುಹಿಸಿದರು. 142 ಮಂದಿ ಉಪಾಧ್ಯಾಯರು ಅದನ್ನು ತಿದ್ದಿ ಅಂಕ ನೀಡಿದರು. ಉತ್ತರ ಒಂದೇ, ಅಂಕಗಳಾದರೋ ನೂರಕ್ಕೆ 64ರಿಂದ 98ರವರೆಗೆ ಹರಡಿದ್ದವು! ಭಾಷೆಯ ವಿಷಯದಲ್ಲಿ ಅಭಿರುಚಿಭೇದ ಸಹಜವೆಂದು ಸಮಾಧಾನ ಹೇಳಿಕೊಳ್ಳಬಹುದಾಗಿತ್ತು. ಆದರೆ ಮರುವರ್ಷ ರೇಖಾಗಣಿತದ ಉತ್ತರಪತ್ರಿಕೆಯನ್ನು ಹೀಗೆಯೇ ಕಳುಹಿಸಿದಾಗ ಅಂತರ ಇನ್ನೂ ಹಿರಿದಾಗಿತ್ತು.

ಈ ದೋಷಕ್ಕೆ ಕಂಡುಕೊಂಡ ಪರಿಹಾರಗಳಲ್ಲಿ ಮುಖ್ಯವಾದದ್ದು, ಕೊಟ್ಟ ಉತ್ತರಗಳಲ್ಲಿ ಸರಿಯಾದುದನ್ನು ಆರಿಸುವ ವಸ್ತುನಿಷ್ಠ ಪ್ರಶ್ನೆ. ಯಾರು ತಿದ್ದಿದರೂ ಅಂಕ ಬದಲಾಗದು. ಆದರೆ ಇಲ್ಲಿಯೂ ಒಂದು ಶೂನ್ಯದೋಷವಿದೆ. ನಾಲ್ಕು ನಾಲ್ಕು ಆಯ್ಕೆಗಳುಳ್ಳ 40 ಪ್ರಶ್ನೆಗಳಿಗೆ ಕಣ್ಣುಮುಚ್ಚಿ ಗುರುತು ಹಾಕಿದವನಿಗೂ ಸರಾಸರಿ 10 ಅಂಕ ದೊರೆಯುತ್ತದೆ. ಇದಕ್ಕಿಂತ ದೊಡ್ಡ ತೊಡಕು ಎರಡನೆಯ ಗುಣದ್ದು.

ಒಂದು ಉದಾಹರಣೆ: ಸೆಕೆಂಡಿಗೆ 19.6 ಮೀಟರ್ ವೇಗದಿಂದ ನೇರವಾಗಿ ಮೇಲಕ್ಕೆಸೆದ ಕಲ್ಲು ಎಷ್ಟು ಎತ್ತರ ಏರುತ್ತದೆ? ಸೂತ್ರ ಬಲ್ಲವರು 19.6 ಮೀಟರ್ ಎಂದು ಥಟ್ಟನೆ ಹೇಳುವರು. ಈಗ ಅದೇ ಕಲ್ಲನ್ನು ಕುರಿತ ಇನ್ನೊಂದು ಪ್ರಶ್ನೆ: ಕೈಬಿಟ್ಟ ಮೇಲೆ, ಕಲ್ಲು ಇನ್ನೂ ಏರುತ್ತಿರುವಾಗ, ಗಾಳಿಯ ತಡೆಯನ್ನು ಗಣಿಸದಿದ್ದರೆ, ಅದರ ಮೇಲೆ ವರ್ತಿಸುವ ಬಲ ಯಾವುದು?

(ಅ) ಕೈ ಕೊಟ್ಟ ಮೇಲ್ಮುಖ ಬಲ ಮಾತ್ರ
(ಆ) ಕ್ರಮೇಣ ಕುಗ್ಗುವ ಮೇಲ್ಮುಖ ಬಲ ಮತ್ತು ಭೂಮಿಯ ಸೆಳೆತ
(ಇ) ಭೂಮಿಯ ಸೆಳೆತ ಮಾತ್ರ
(ಈ) ಯಾವ ಬಲವೂ ಇಲ್ಲ

ಸರಿಯುತ್ತರ (ಇ). ಆದರೆ (ಆ) ಎಂಬುದು ಮನಸ್ಸನ್ನು ಬಲವಾಗಿ ಸೆಳೆಯುತ್ತದೆ. ಎಸೆದವನು ತುಂಬಿದ ಪ್ರೇರಣೆಯೇ ವಸ್ತುವನ್ನು ಒಯ್ಯುತ್ತದೆಂಬ ಇಂಥದೇ ವಾದವನ್ನು 14ನೆಯ ಶತಮಾನದ ಪ್ಯಾರಿಸಿನಲ್ಲಿ ಬುರಿಡಾನನಂಥ ಪಂಡಿತನೇ ಮಂಡಿಸಿದ್ದನು. ಆದುದರಿಂದ ತಪ್ಪು ಆಯ್ಕೆಗಳು ಕೇವಲ ಜಾಗ ತುಂಬುವ ಮಾತುಗಳಾಗಬಾರದು. ವಿದ್ಯಾರ್ಥಿಗಳು ನಿಜವಾಗಿಯೂ ನಂಬುವ ತಪ್ಪುಗಳಾಗಿರಬೇಕು. ಆಗ ತಪ್ಪುತ್ತರವೂ ಒಂದು ಮಾಹಿತಿಯಾಗುತ್ತದೆ.

ಈ ತತ್ತ್ವದ ಮೇಲೆ ನಿಂತದ್ದು ಡೇವಿಡ್ ಹೆಸ್ಟೆನಿಸ್ ಮತ್ತು ಸಂಗಡಿಗರು 1992ರಲ್ಲಿ ಪ್ರಕಟಿಸಿದ 'ಫೋರ್ಸ್ ಕಾನ್ಸೆಪ್ಟ್ ಇನ್‌ವೆಂಟರಿ' ಎಂಬ ಪ್ರಶ್ನಾವಳಿ. ಇದರ ಪೂರ್ವರೂಪವನ್ನು ಸಿದ್ಧಪಡಿಸುವಾಗ ಮೊದಲು ಆಯ್ಕೆಗಳಿಲ್ಲದೆ ವಿದ್ಯಾರ್ಥಿಗಳಿಂದಲೇ ಉತ್ತರ ಬರೆಸಿ, ಅವರು ಸಾಮಾನ್ಯವಾಗಿ ಮಾಡಿದ ತಪ್ಪುಗಳನ್ನೇ ಆಯ್ಕೆಗಳಾಗಿ ಇಟ್ಟಿದ್ದರು. ಹಾರ್ವರ್ಡಿನ ಪ್ರಾಧ್ಯಾಪಕ ಎರಿಕ್ ಮಜೂರ್ ಇಂಥ ಪ್ರಶ್ನೆಗಳನ್ನು ತಮ್ಮ ತರಗತಿಗೆ ಕೊಟ್ಟಾಗ, ಕಠಿಣ ಲೆಕ್ಕಗಳನ್ನು ಬಿಡಿಸುತ್ತಿದ್ದವರೇ ಸರಳವೆಂದು ತೋರುವ ಪ್ರಶ್ನೆಗಳಲ್ಲಿ ಎಡವಿದರು. ಅವರು ಶಿಷ್ಯರನ್ನು ದೂರದೆ ತಮ್ಮ ಬೋಧನಕ್ರಮವನ್ನೇ ಬದಲಿಸಿ, ತರಗತಿಯಲ್ಲಿ ವಿದ್ಯಾರ್ಥಿಗಳು ತಮ್ಮತಮ್ಮಲ್ಲಿ ಚರ್ಚಿಸಿ ಕಲಿಯುವಂತೆ ಮಾಡಿದರು.

1998ರಲ್ಲಿ ರಿಚರ್ಡ್ ಹೇಕ್ ಅವರು 6,000ಕ್ಕೂ ಹೆಚ್ಚು ವಿದ್ಯಾರ್ಥಿಗಳ ಫಲಿತಾಂಶಗಳನ್ನು ಒಟ್ಟುಗೂಡಿಸಿದರು. ಪಾಠಕ್ಕೆ ಮೊದಲು 40 ಅಂಕ ಪಡೆದವರು ಇನ್ನೂ 60 ಗಳಿಸಬಹುದು. ಪಾಠದ ನಂತರ 54 ಪಡೆದರೆ, ಗಳಿಕೆ 60ರಲ್ಲಿ 14, ಅಂದರೆ ಸುಮಾರು 0.23. ಬರಿಯ ಉಪನ್ಯಾಸದ 14 ತರಗತಿಗಳ ಸರಾಸರಿ ಗಳಿಕೆ ಇಷ್ಟೇ ಆಗಿತ್ತು. ವಿದ್ಯಾರ್ಥಿಗಳು ಚರ್ಚೆ-ಚಟುವಟಿಕೆಗಳಲ್ಲಿ ತೊಡಗಿದ 48 ತರಗತಿಗಳಲ್ಲಿ ಅದು 0.48.

ಹಾಗಾದರೆ ಒಳ್ಳೆಯ ಸಾಧನಾ ಪರೀಕ್ಷೆಯನ್ನು ರಚಿಸುವ ಕ್ರಮವೇನು? ಮೊದಲು ನೀಲನಕ್ಷೆ: ಯಾವ ಪಾಠಕ್ಕೆ ಎಷ್ಟು ಅಂಕ, ಅದರಲ್ಲಿ ನೆನಪಿಗೆಷ್ಟು, ಅರ್ಥಗ್ರಹಣಕ್ಕೆಷ್ಟು, ಅನ್ವಯಕ್ಕೆಷ್ಟು ಎಂಬ ಕೋಷ್ಟಕ. ಅದಿಲ್ಲದಿದ್ದರೆ ಕೇಳಲು ಸುಲಭವಾದ ನೆನಪಿನ ಪ್ರಶ್ನೆಗಳೇ ಜಾಗವನ್ನೆಲ್ಲ ಆಕ್ರಮಿಸುತ್ತವೆ. ಬಳಿಕ ಪ್ರಶ್ನೆಗಳ ರಚನೆ. ಅನಂತರ ಒಂದು ಗುಂಪಿನ ಮೇಲೆ ಪ್ರಯೋಗ. 100 ಮಂದಿ ಬರೆದರೆಂದು ಭಾವಿಸೋಣ. ಒಟ್ಟು ಅಂಕಗಳಲ್ಲಿ ಮೇಲಿನ 27 ಮಂದಿಯನ್ನೂ ಕೆಳಗಿನ 27 ಮಂದಿಯನ್ನೂ ಬೇರ್ಪಡಿಸುತ್ತಾರೆ. ಒಂದು ಪ್ರಶ್ನೆಗೆ ಮೇಲಿನವರಲ್ಲಿ 22 ಮಂದಿ, ಕೆಳಗಿನವರಲ್ಲಿ 8 ಮಂದಿ ಸರಿಯುತ್ತರ ಕೊಟ್ಟಿದ್ದರೆ ವ್ಯತ್ಯಾಸ 14. ಅದನ್ನು 27ರಿಂದ ಭಾಗಿಸಿದರೆ 0.52. ಬಲ್ಲವರನ್ನೂ ಅರಿಯದವರನ್ನೂ ಬೇರ್ಪಡಿಸುವ ಶಕ್ತಿ ಆ ಪ್ರಶ್ನೆಗಿದೆ ಎಂದರ್ಥ. ಬೆಲೆ ಶೂನ್ಯದ ಸಮೀಪಕ್ಕೆ ಬಂದರೆ ಪ್ರಶ್ನೆ ನಿರುಪಯುಕ್ತ. ಋಣಾತ್ಮಕವಾದರೆ, ಬಲ್ಲವರೇ ಹೆಚ್ಚಾಗಿ ತಪ್ಪಿದ್ದಾರೆ. ಪ್ರಶ್ನೆಯ ಭಾಷೆಯಲ್ಲೋ ಉತ್ತರಸೂಚಿಯಲ್ಲೋ ದೋಷವಿದೆಯೆಂದು ಶಂಕಿಸಬೇಕು.

ಎಷ್ಟೇ ಶ್ರಮವಹಿಸಿದರೂ ಯಾವ ಅಳತೆಯೂ ಪೂರ್ಣ ನಿಷ್ಕೃಷ್ಟವಲ್ಲ. ತಂತಿಯ ದಪ್ಪವನ್ನು ಬರೆಯುವಾಗ ಇಷ್ಟು ಹೆಚ್ಚು ಅಥವಾ ಕಡಮೆ ಇರಬಹುದೆಂದು ನಮೂದಿಸುವ ನಾವು, 84 ಪಡೆದವರು 82 ಪಡೆದವರಿಗಿಂತ ಖಂಡಿತವಾಗಿ ಜಾಣರೆಂದು ತೀರ್ಪಿಡುವುದು ನ್ಯಾಯವಲ್ಲ. ಅಂಕಪಟ್ಟಿಯನ್ನು ಕೈಗೆತ್ತಿಕೊಂಡಾಗ ವಿದ್ಯಾರ್ಥಿಗಳು, ತಂದೆತಾಯಿಗಳು, ಉಪಾಧ್ಯಾಯರು ಎಲ್ಲರೂ ಇದನ್ನು ನೆನೆಯುವುದು ಲೇಸು. ಎಷ್ಟು ಬಂತೆಂದು ನೋಡಿದ ಮೇಲೆ, ಯಾವ ಪ್ರಶ್ನೆ ತಪ್ಪಿತು, ಯಾವ ನಂಬಿಕೆಯಿಂದ ತಪ್ಪಿತು ಎಂದು ಹುಡುಕಿದರೆ, ಅದೇ ಪ್ರಶ್ನಪತ್ರಿಕೆ ಮುಂದಿನ ಕಲಿಕೆಗೂ ದಾರಿ ತೋರುತ್ತದೆ.