ಕ್ರೋಹನ್ ಗುಡ್ಡವೂ ಅದರ ಸುತ್ತಣ ಜೌಗುನೆಲವೂ

ಐರ್ಲೆಂಡ್ ದೇಶದ ಆಫಲಿ ಜಿಲ್ಲೆಯಲ್ಲಿ ಕ್ರೋಹನ್ ಎಂಬ ಸಣ್ಣ ಗುಡ್ಡವೊಂದಿರುವುದು. ಇದರ ಎತ್ತರವು ಸಮುದ್ರಮಟ್ಟದಿಂದ ಕೇವಲ 234 ಮೀಟರು. ಹುಲ್ಲುಗಾವಲಿನ ನಡುವೆ ಏರಿಹೋಗುವವನ ಕಾಲಡಿಯಲ್ಲಿರುವುದು ಎಂದೋ ಆರಿಹೋದ ಜ್ವಾಲಾಮುಖಿಯ ಶಿಲೆ. ನೆತ್ತಿಯ ಮೇಲೆ ಪ್ರಾಚೀನವಾದ ಸಮಾಧಿದಿಬ್ಬವಿದೆ. ಅಲ್ಲಿಂದ ನೋಡಿದರೆ ಹಸುರು ಹೊಲಗಳೂ, ಅವುಗಳಾಚೆ ಆಲನ್ ಜೌಗುನೆಲದ ಕಂದುಬಯಲೂ ಕಾಣುವುವು.

ಈ ಜೌಗಿನಲ್ಲಿ ಗಾಳಿಯಾಡದು, ನೀರೂ ಹುಳಿಯಾಗಿರುವುದು. ಆದುದರಿಂದ ಸತ್ತ ಪಾಚಿಯು ಪೂರ್ಣವಾಗಿ ಕೊಳೆಯದೆ, ಸಾವಿರಾರು ವರ್ಷಗಳಿಂದ ಪದರಪದರವಾಗಿ ಶೇಖರವಾಗಿ, ಪೀಟ್ ಎಂಬ ಉರುವಲಾಗಿದೆ. 2003ರಲ್ಲಿ ಗುಡ್ಡದ ಸಮೀಪ ಬಸಿಗಾಲುವೆಯನ್ನು ತೆಗೆಯುವಾಗ, ಎರಡು ಸಾವಿರ ವರ್ಷಗಳಿಗೂ ಹಿಂದೆ ಕೊಲೆಯಾದವನೊಬ್ಬನ ಮುಂಡವೂ ತೋಳುಗಳೂ ಉಗುರುಸಹಿತವಾಗಿ ದೊರೆತುವು. ಅವನ ಕಡೆಯ ಊಟವು ಧಾನ್ಯ ಮತ್ತು ಮಜ್ಜಿಗೆಯೆಂದು ಪರೀಕ್ಷೆಯಿಂದ ತಿಳಿದುಬಂದಿತು.

ನೀರನ್ನು ಬಸಿದೊಡನೆ ಗಾಳಿಯು ಹೊಕ್ಕು ಈ ಸಂಗ್ರಹವು ಕರಗತೊಡಗುವುದು. ಆದಕಾರಣ ಅಲ್ಲಿನ ಸರಕಾರಿ ಕಂಪೆನಿಯು 2021ರಲ್ಲಿ ಪೀಟ್ ತೆಗೆಯುವುದನ್ನು ನಿಲ್ಲಿಸಿ, ಜೌಗಿಗೆ ಪುನಃ ನೀರು ನಿಲ್ಲಿಸುವ ಕಾರ್ಯವನ್ನು ಕೈಕೊಂಡಿತು. ಅನೇಕ ಸಂಸಾರಗಳು ತಲೆಮಾರುಗಳಿಂದ ನಂಬಿದ್ದ ಕೂಲಿಯು ಇದರಿಂದ ತಪ್ಪಿತು.

ಗಾಳಿಯಿದ್ದಲ್ಲಿ ಕಸವು ಗೊಬ್ಬರವಾಗುವುದು, ಇಲ್ಲದಲ್ಲಿ ಬಹು ನಿಧಾನವಾಗಿ ಕೊಳೆಯುವುದು. ತಿಪ್ಪೆಯನ್ನು ಮಗುಚುವುದೂ ಇದೇ ಕಾರಣದಿಂದಲೆಂಬುದನ್ನು ರೈತಬಾಂಧವರು ಗಮನಿಸತಕ್ಕದ್ದು.